ಪ್ಲೇಗಿನ ಗುಡಿಸಲಲ್ಲಿ ಕಲಿತ ರೊಟ್ಟಿ

ಮದುವೆಯಾಗಿ ವರ್ಷ ತುಂಬುವುದರೊಳಗೆ ನಮ್ಮವರಿಗೆ ಹುನಗುಂದದ ಕಚೇರಿಗೆ ವರ್ಗವಾಯಿತು. ನಾನು ಕುಮಟೆಯವಳು. ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಇಲ್ಲದ ಊರೂ ಇರುತ್ತದೆಂದು ನನಗೆ ಹೊಳೆದಿರಲಿಲ್ಲ. ಬಾದಾಮಿಯಲ್ಲಿ ರೈಲಿನಿಂದಿಳಿದು ಚಕ್ಕಡಿಯಲ್ಲಿ ಹೊರಟೆವು. ದಾರಿಯಲ್ಲಿ ಚಕ್ಕಡಿಯವನು ಮರದ ನೆರಳಿಗೆ ಕುಳಿತು ಬುತ್ತಿ ಬಿಚ್ಚಿ, ಒಣಗಿದ ಜೋಳದ ರೊಟ್ಟಿಯನ್ನು ಟಕ್ಕನೆ ಮುರಿದ. ನಮ್ಮ ಜೊತೆ ಬಂದಿದ್ದ ಅತ್ತೆ ನನ್ನ ಕಿವಿಯಲ್ಲಿ, "ಇಲ್ಲಿಯವರು ಹೆಂಚು ತಿನ್ನುತ್ತಾರೆ ಕಣೇ" ಎಂದರು. ಇಬ್ಬರೂ ಸೆರಗು ಮುಚ್ಚಿಕೊಂಡು ನಕ್ಕೆವು.

ಆ ವರ್ಷ ಬೇಸಿಗೆ ಹಿಡಿಯುವ ಮುಂಚೆಯೇ ಊರಿಗೆ ಪ್ಲೇಗು ಬಂತು. ನಮ್ಮವರು ಸಾಹೇಬರ ಜೊತೆ ಬಾಗಲಕೋಟೆಗೆ ಹೋಗಿದ್ದರು. ನಾವು ಬಾಡಿಗೆಗಿದ್ದ ಮನೆಯ ಒಡತಿಗೆ ಜ್ವರ ಬಂದು ಕಂಕುಳಲ್ಲಿ ಗಂಟು ಕಾಣಿಸಿಕೊಂಡಿತು. ಮರುದಿನವೇ ಸಿಪಾಯಿಗಳು ಬಂದು ಮನೆಯಲ್ಲಿದ್ದವರನ್ನೆಲ್ಲ ಹೊರಡಿಸಿದರು. ಕೈಗೆ ಸಿಕ್ಕದ್ದು ಒಂದು ತಾಮ್ರದ ಚರಿಗೆ, ಎರಡು ಪಾತ್ರೆ, ನಮ್ಮ ದೋಸೆ ಕಾವಲಿ, ಸ್ವಲ್ಪ ಅಕ್ಕಿ.

ಊರಾಚೆ ಕರಿಮಣ್ಣಿನ ಬಯಲಲ್ಲಿ ಸಾಲಾಗಿ ಗುಡಿಸಲು ಕಟ್ಟಿದ್ದರು. ಸುತ್ತ ಜಾಲಿಮುಳ್ಳಿನ ಬೇಲಿ. ಇದ್ದ ಒಂದೇ ಬಾಗಿಲಲ್ಲಿ ಸಿಪಾಯಿ. ಒಂದು ಸಾಲಿನವರು ಇನ್ನೊಂದು ಸಾಲಿಗೆ ಹೋಗುವಂತಿಲ್ಲ. ಬಾಗಲಕೋಟೆಯಿಂದ ಬಂದವರನ್ನು ಊರ ಹತ್ತಿರವೂ ಬಿಡುತ್ತಿಲ್ಲವೆಂದು ತಿಳಿಯಿತು. ನಮ್ಮವರು ಅಲ್ಲಿ, ನಾವು ಇಲ್ಲಿ. ಗುಡಿಸಲೊಳಗೆ ಎದ್ದು ನಿಂತರೆ ತಲೆಗೆ ಛಾವಣಿ ತಾಗುತ್ತಿತ್ತು. ಹೊರಗೆ ಬಂದರೆ ಎತ್ತ ನೋಡಿದರೂ ಬೇಲಿ. ಸಮುದ್ರದಂಚಿನಲ್ಲಿ ಬೆಳೆದ ನನಗೆ ಉಸಿರು ಕಟ್ಟಿದಂತಾಗಿ, ಬೇಲಿಯ ಬಳಿ ಹೋಗಿ ನಿಲ್ಲುತ್ತಿದ್ದೆ. ಸಿಪಾಯಿ ಕೂಗುತ್ತಿದ್ದ: "ಹಿಂದಕ್ ಸರೀರಿ ಬಾಯಾರ!"

ಅಕ್ಕಿ ಬೇಗ ಮುಗಿಯಿತು. ಸರಕಾರದವರು ಕೊಡುತ್ತಿದ್ದುದು ಜೋಳದ ಹಿಟ್ಟು ಮಾತ್ರ. ನಾನು ಅದಕ್ಕೆ ತಣ್ಣೀರು ಹಾಕಿ ಕಲಸಿ ಕಾವಲಿಯ ಮೇಲೆ ಹಚ್ಚಿದೆ. ಅದು ಒಡೆದು ಚೂರುಚೂರಾಯಿತು, ಒಳಗೆ ಹಸಿಯಾಗಿತ್ತು. ಅತ್ತೆ ಬಾಯಿಗಿಟ್ಟು ಉಗುಳಿದರು. "ನನಗೆ ಬೇಡ. ನೀನು ತಿನ್ನು" ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದರು. ಪಕ್ಕದ ಗುಡಿಸಲಿನಿಂದ ಕೇಳಿ ತರೋಣವೆಂದರೆ, ಬೇರೆಯವರ ಕೈಯಡುಗೆಯನ್ನು ಅವರು ಮುಟ್ಟುವವರೇ ಅಲ್ಲ. ದಿನ ಕಳೆದಂತೆ ಏಳಲಾರದಷ್ಟು ನಿತ್ರಾಣರಾದರು, ಮೈ ಸ್ವಲ್ಪ ಬೆಚ್ಚಗಾಯಿತು. ನನಗೆ ಹಸಿವಿಗಿಂತ ಅದೇ ಭಯ. ಮೈ ಬಿಸಿಯಾದವರನ್ನು ಸಿಪಾಯಿಗಳು ಆಚೆಯ ಚಪ್ಪರಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿಂದ ತಿರುಗಿ ಬಂದವರನ್ನು ನಾನು ನೋಡಿರಲಿಲ್ಲ.

ಅತ್ತೆಗೆ ಕೇಳದಂತೆ ಗುಡಿಸಲ ಹಿಂದೆ ಹೋಗಿ, ಎರಡು ಸಾಲುಗಳ ನಡುವೆ ಕಟ್ಟಿದ್ದ ಬಿದಿರಿನ ತಟ್ಟಿಗೆ ಒರಗಿ ಅಳುತ್ತಿದ್ದೆ. ತಟ್ಟಿಯ ಆಚೆಯಿಂದ ಒಂದು ಮುದಿ ದನಿ ಬಂತು.

"ಯಾಕ ಅಳ್ತೀರಿ ಬಾಯಾರ? ಯಾರರ ಹೋದ್ರೇನು?"

ಹಿಂದಿನ ಸಾಲಿನ ಗುಡಿಸಲಿನಲ್ಲಿದ್ದವಳು ಇಳಕಲ್ಲಿನ ನೇಕಾರರ ಮನೆಯ ಮುದುಕಿ. ಮಗಳನ್ನು ನೋಡಲು ಬಂದು ಸಿಕ್ಕಿಬಿದ್ದಿದ್ದಳು. ನಾನು ಎಲ್ಲವನ್ನೂ ಹೇಳಿದೆ.

"ಮೊದ್ಲ ಅಂಬಲಿ ಮಾಡ್ರಿ. ಹಿಟ್ಟು ನೀರಾಗ ಕಲಸಿ, ಕುದಿಯೋ ನೀರಿಗಿ ಬಿಟ್ಟು ಕೈ ಆಡಸ್ರಿ. ಆರಿದ ಮ್ಯಾಲ ಮಜ್ಜಗಿ, ಉಪ್ಪು ಹಾಕ್ರಿ. ಹೊಟ್ಟಿ ತಣ್ಣಗಾದ್ರ ಮೈನೂ ತಣ್ಣಗಾಕ್ಕೈತಿ. ಅದು ಪಿಳೇಗಲ್ಲ, ಹಸಿವು."

ಬೆಳಿಗ್ಗೆ ಬೇಲಿಯ ಬಾಗಿಲ ಬಳಿ ಮಜ್ಜಿಗೆ ಇಟ್ಟುಹೋಗುವ ಹೆಂಗಸೊಬ್ಬಳಿದ್ದಳು. ಅವಳು ಇಟ್ಟ ಮಜ್ಜಿಗೆ ತಂದು ಅಂಬಲಿ ಮಾಡಿ ಅತ್ತೆಯ ಮುಂದೆ ಹಿಡಿದೆ.

"ಏನದು?"

"ಜೋಳದ್ದು. ನೀರು ಸೇದಿದ್ದು ನಾನು, ಒಲೆ ಹಚ್ಚಿದ್ದೂ ನಾನು."

ಮೊಣಕೈ ಊರಿ ತಲೆಯೆತ್ತಿದರು. ಆಮೇಲೆ ಒಂದು ಗುಟುಕು ಕುಡಿದರು. ಮತ್ತೊಂದು ಗುಟುಕು. ಆಮೇಲೆ ಪಾತ್ರೆಯನ್ನು ತಾವೇ ಹಿಡಿದುಕೊಂಡರು. ಕರಿಮಣ್ಣಿನ ಆ ಬೇಗೆಯಲ್ಲಿ ಹುಳಿಮಜ್ಜಿಗೆಯ ಅಂಬಲಿ ಗಂಟಲಲ್ಲಿ ಇಳಿಯುವ ಸುಖವನ್ನು ಕರಾವಳಿಯವರು ಅರಿಯರು. ನಮ್ಮಲ್ಲಿ ಎಳನೀರಿದೆ, ನಿಜ. ಆದರೆ ಎಳನೀರು ಬಾಯಾರಿಕೆಯನ್ನಷ್ಟೇ ತಣಿಸುತ್ತದೆ.

ಮುದುಕಿ ಆಮೇಲೆ ನನಗೆ ರೊಟ್ಟಿ ಕಲಿಸಿದಳು. ಅವಳಿಗೆ ನನ್ನ ಕೈ ಕಾಣುತ್ತಿರಲಿಲ್ಲ, ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ನಾನು ರೊಟ್ಟಿ ಬಡಿಯುವ ಸಪ್ಪಳವನ್ನು ಕೇಳಿಯೇ ತಿದ್ದುತ್ತಿದ್ದಳು.

"ಕುದಿಯೋ ನೀರು ಹಾಕಿದ್ಯೋ ಇಲ್ಲೋ? ಹಾಂ, ಚೊಲೋ ನಾದು. ಜೋಳಕ್ಕ ಜಿಗಿ ಇರೂದಿಲ್ಲ, ನೀನ ಬರಸ್ಬೇಕು. ಈಗ ಬಡಿ. ಅಷ್ಟ್ ಜೋರ್ ಬ್ಯಾಡ ಮಗಳ, ಹರೀತೈತಿ!"

'ಬಾಯಾರ' ಹೋಗಿ 'ಮಗಳ' ಆದದ್ದು ಯಾವಾಗಲೋ, ನಾನು ಗಮನಿಸಲೇ ಇಲ್ಲ. ಮೇಲೆ ಒದ್ದೆ ಬಟ್ಟೆಯಿಂದ ಸವರಿ ಮಗುಚಿ, ಕೊನೆಗೆ ಕೆಂಡಕ್ಕೆ ಹಿಡಿದಾಗ ರೊಟ್ಟಿ ಉಬ್ಬಿತು. ನಾನು ಕೂಗಿಕೊಂಡೆ. ಆಚೆಯಿಂದ ಅವಳು ನಕ್ಕಳು. ತಟ್ಟಿಯ ಮೇಲಿನಿಂದ ಶೇಂಗಾ ಹಿಂಡಿಯ ಪೊಟ್ಟಣವೊಂದು ಈಚೆ ಬಿತ್ತು. ಹುರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ ಕುಟ್ಟಿದ ಪುಡಿ. ಅತ್ತೆ ಅದನ್ನು ಮೂಸಿದರು. ಬೆಳ್ಳುಳ್ಳಿಯ ವಾಸನೆಗೆ ಮೂಗು ಮುರಿದರು. ಆಮೇಲೆ, "ಒಂದಿಷ್ಟು ಹಾಕು" ಎಂದರು.

ಒಂದು ಬೆಳಿಗ್ಗೆ ನಮ್ಮ ಸಾಲಿನಲ್ಲಿ ಮತ್ತೊಬ್ಬರಿಗೆ ಗಂಟು ಕಂಡಿತು. ನಾವು ಗುಡಿಸಲಲ್ಲಿ ಇರಬೇಕಾದ ದಿನಗಳನ್ನು ಮೊದಲಿನಿಂದ ಎಣಿಸಬೇಕೆಂದು ಸಿಪಾಯಿಗಳು ಹೇಳಿ ಹೋದರು. ಅದೇ ದಿನ ಹಿಂದಿನ ಸಾಲಿನವರನ್ನು ಬಿಟ್ಟರು.

"ಹೋಗ್ತೇನಿ ಮಗಳ. ಎದಿಗುಂದಬ್ಯಾಡ. ಇಳಕಲ್ಲಿಗಿ ಬಾ, ಮಾದಲಿ ಮಾಡಿ ಹಾಕ್ತೇನಿ."

"ಅದೇನದು ಮಾದಲಿ?"

"ಗೋದಿ, ಬೆಲ್ಲ. ತಿಂದ್ರ ಗೊತ್ತಾಕ್ಕೈತಿ."

ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ ಹೆಂಗಸರ ಗುಂಪಿನಲ್ಲಿ ಅವಳು ಯಾರೆಂದು ನನಗೆ ತಿಳಿಯಲಿಲ್ಲ. ಎಲ್ಲರ ಬೆನ್ನೂ ಒಂದೇ ತೆರನಾಗಿತ್ತು. ಆಮೇಲೆ ಆ ಗುಡಿಸಲು ಖಾಲಿ. ರೊಟ್ಟಿ ಬಡಿಯುವಾಗ ತಿದ್ದುವವರು ಯಾರೂ ಇರಲಿಲ್ಲ. ಅತ್ತೆಯೂ ನಾನೂ ಎದುರುಬದುರು ಕುಳಿತು ರೊಟ್ಟಿ ಮುರಿದು ತಿನ್ನುತ್ತಿದ್ದೆವು. ಗಾಳಿ ಬಂದರೆ ತಟ್ಟಿ ಅಲುಗುತ್ತಿತ್ತು, ಅಷ್ಟೆ.

ಮಳೆ ಹಿಡಿಯುವ ಹೊತ್ತಿಗೆ ನಮ್ಮನ್ನೂ ಬಿಟ್ಟರು. ನಮ್ಮವರು ಬಾಗಿಲಲ್ಲಿ ನಿಂತಿದ್ದರು, ಅಷ್ಟು ಬಡವಾಗಿದ್ದ ಅವರನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮನೆಗೆ ಅಕ್ಕಿ ತಂದಿದ್ದರು. ಅನ್ನ ಬಡಿಸಿದಾಗ ಅತ್ತೆ, "ಒಂದು ರೊಟ್ಟಿಯನ್ನೂ ಮಾಡಬಾರದಿತ್ತೇ?" ಎಂದರು. ಅವರು ಇದ್ದಷ್ಟು ಕಾಲ ಆ ಮನೆಯಲ್ಲಿ ರೊಟ್ಟಿ ತಪ್ಪಲಿಲ್ಲ.

ಮುಂದೆ ಇಳಕಲ್ಲಿಗೆ ಹೋದೆ. ನೇಕಾರರ ಓಣಿಯಲ್ಲಿ ಮನೆಮನೆಯಲ್ಲೂ ಮಗ್ಗ, ಮನೆಮನೆಯಲ್ಲೂ ಒಬ್ಬ ಮುದುಕಿ. "ಹೆಸರೇನ್ರಿ ಆಕೀದು?" ಎಂದು ಕೇಳಿದರು. ನಾನು ಅವಳ ಹೆಸರನ್ನು ಕೇಳಿರಲೇ ಇಲ್ಲ. ಮಾತಾಡಿಸಿದರೆ ದನಿಯಿಂದ ಗುರುತು ಹಿಡಿದೇನೆಂದು ಓಣಿಯ ತುದಿಯವರೆಗೂ ನಡೆದೆ. ಆ ದನಿ ಎಲ್ಲೂ ಕೇಳಿಸಲಿಲ್ಲ. ಒಂದು ಮನೆಯವರು ಕೂರಿಸಿ ನೀರು ಕೊಟ್ಟರು, ಮಾದಲಿಯನ್ನೂ ಹಾಕಿದರು. ಅದರ ಮೇಲೆ ಬಿಸಿ ಹಾಲು ಸುರಿದಿದ್ದರು. ರುಚಿಯಾಗಿತ್ತು. ಪೂರ್ತಿ ತಿನ್ನಲು ನನ್ನಿಂದಾಗಲಿಲ್ಲ.