ಉಜ್ಜದೆ ಹಾಕಿದ ಕವಡೆ

ನನ್ನ ಕೆಲಸ ಏನು ಎಂದು ಕೇಳಿದವರಿಗೆ ನಾನು ಊರಿಗೊಂದು ಉತ್ತರ ಕೊಡುತ್ತೇನೆ. ಚನ್ನಗಿರಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎನ್ನುತ್ತೇನೆ; ಅವರು ಸಮಾಧಾನವಾಗಿ ಕಿಟಕಿಯ ಕಡೆ ತಿರುಗುತ್ತಾರೆ. ನ್ಯಾಮತಿಯ ಮದುವೆ ಮನೆಗಳಲ್ಲಿ ‘ಮನೆಯಲ್ಲೇ ಇರ್ತೀನಿ’ ಎಂದರೆ ಸಾಕು, ಮಾತು ಸೀರೆಯ ಅಂಚಿಗೆ ಹೋಗುತ್ತದೆ. ಹೊನ್ನಾಳಿಯಲ್ಲಿ ಮಾತ್ರ ಈ ಜಾಣತನ ನಡೆಯುವುದಿಲ್ಲ. ಅದು ನಾನು ಸೊಸೆಯಾಗಿ ಬಂದ ಊರು, ಅಲ್ಲಿ ನಮ್ಮ ಅತ್ತೆ ‘ನಮ್ಮ ಸೊಸೆ ಫೋನಾಗಿನ ಆಟ ಮಾಡ್ತಾಳೆ’ ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದಾರೆ. ಒಮ್ಮೆ ಎದುರು ಮನೆಯ ಗಿರಿಜಕ್ಕ ನನ್ನನ್ನು ನಿಲ್ಲಿಸಿ ಕೇಳಿದರು: “ಆಟ ಮಾಡಾದು ಅಂದ್ರೆ ಹೆಂಗವ್ವ? ರೊಟ್ಟಿ ಮಾಡ್ದಂಗಾ?”

ಹೆಚ್ಚುಕಡಿಮೆ ಹಾಗೇ. ನಾದುವುದು ಜಾಸ್ತಿ, ಹೊತ್ತುವುದೂ ಜಾಸ್ತಿ. ಮಹಡಿಯ ಮೇಲಿನ ಶೀಟಿನ ಕೋಣೆ ನಮ್ಮ ಆಫೀಸು. ಒಂದು ಮೂಲೆಯಲ್ಲಿ ಜೋಳದ ಚೀಲಗಳು, ಇನ್ನೊಂದು ಮೂಲೆಯಲ್ಲಿ ನಾನು. ಚನ್ನಗಿರಿಯ ರಹಮತ್ ನನ್ನ ಪಾಲುದಾರ. ಚಿತ್ರ, ಬಣ್ಣ, ಸದ್ದು ಅವನದು, ಒಳಗಿನ ಲೆಕ್ಕ ನನ್ನದು. ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಾನೆ, ಉಳಿದ ದಿನ ಫೋನಿನಲ್ಲೇ ಜಗಳ. ಇಬ್ಬರೂ ಸೇರಿ ಮಾಡಿದ್ದು ಒಂದೇ ಒಂದು ಆಟ, ಚೌಕಾಬಾರ. ದೂರದೂರದ ಊರುಗಳಲ್ಲಿ ಕೂತವರು ತಮ್ಮ ತಮ್ಮ ಫೋನಿನಲ್ಲೇ ಒಂದೇ ಮಣೆಯ ಮುಂದೆ ಕೂತಂತೆ ಆಡಬಹುದು. ನಾಲ್ಕು ಕವಡೆ ಹಾಕುವುದು (ನಾಲ್ಕೂ ಬೋರಲು ಬಿದ್ದರೆ ಎಂಟು, ಅದೇ ದೊಡ್ಡದು), ಬಿದ್ದಷ್ಟು ಮನೆ ಕಾಯಿ ನಡೆಸುವುದು, ಎದುರಾಳಿಯ ಕಾಯಿ ಕಡಿಯುವುದು, ನಮ್ಮದನ್ನು ನಡುಮನೆಗೆ ತಂದು ಹಣ್ಣು ಮಾಡುವುದು. ನಮ್ಮ ಕಡೆಯವರಿಗೆ ಇದನ್ನು ಕಲಿಸುವ ಅಗತ್ಯವೇ ಇಲ್ಲ ಎಂಬ ಧೈರ್ಯದಲ್ಲಿ ಇಳಿದೆವು.

ಬಂದರು, ಆಡಿದರು, ಬೈದು ಹೋಗತೊಡಗಿದರು. ಬೆಳಿಗ್ಗೆ ಚಹಾದ ಜೊತೆ ಜನ ಬರೆದ ಅಭಿಪ್ರಾಯ ಓದುವುದು ನನ್ನ ದಿನಚರಿ. ಒಂದೇ ಒಂದು ನಕ್ಷತ್ರ, ಅದರ ಕೆಳಗೆ ‘ಬರೀ ಒಂದು ಬೀಳ್ತೈತೆ, ಮೋಸ’. ಮುಂದಿನದು ‘ಎದುರಿನೋರಿಗೆ ಮಾತ್ರ ಎಂಟು ಬೀಳಂಗೆ ಇಟ್ಟವ್ರೆ’. ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೆತ್ತಿರುವುದನ್ನು ನೀವೂ ನೋಡಿರುತ್ತೀರಿ. ಯಾರೋ ಪುಣ್ಯಾತ್ಮ ಉಳಿ ಹಿಡಿದು ಕೂತು ಕೆತ್ತಿ ಎದ್ದು ಹೋಗಿದ್ದಾನೆ. ನನ್ನ ಕಸುಬಿನ ಹಿರಿಯ ಅವನು. ಅಷ್ಟು ವರ್ಷದಲ್ಲಿ ಒಬ್ಬರಾದರೂ ಆ ಕಲ್ಲಿನ ಪಕ್ಕ ‘ಮೋಸ’ ಎಂದು ಗೀಚಿದ್ದನ್ನು ನಾನು ಕಂಡಿಲ್ಲ. ಅವನ ಮೇಲೆ ನನಗೆ ಆಗಾಗ ಹೊಟ್ಟೆಕಿಚ್ಚಾಗುತ್ತದೆ.

ಹೊರಗಿನವರು ಬೈದರೆ ಚಹಾದ ಜೊತೆ ನುಂಗಬಹುದು. ಮನೆಯವರು ಬೈದರೆ? ಅತ್ತೆಯ ಅಕ್ಕ, ಅಂದರೆ ನನ್ನ ದೊಡ್ಡತ್ತೆ, ಇರುವುದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅಕ್ಕತಂಗಿ ಇಬ್ಬರೂ ಊಟವಾದ ಮೇಲೆ ಫೋನು ಹಿಡಿದು ನನ್ನ ಆಟ ಆಡುವುದು ನನ್ನ ಬದುಕಿನ ದೊಡ್ಡ ಹೆಮ್ಮೆಯಾಗಿತ್ತು. ಒಂದು ಮಧ್ಯಾಹ್ನ ಅತ್ತೆ ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮೇಲೆ ಫೋನು ಇಟ್ಟರು.

“ನೋಡು, ನಿನ್ನ ಆಟ ನಮ್ಮಕ್ಕನ ಕಡಿಗೆ ಐತೆ. ನಾನು ಇನ್ನ ಆಡಾಕೆ ಒಲ್ಲೆ.”

“ಇಲ್ಲ ಅತ್ತೆ, ಅದಕ್ಕೆ ಯಾರು ಯಾರು ಅಂತಾನೇ ಗೊತ್ತಿಲ್ಲ.”

“ಗೊತ್ತಿಲ್ದೆ ಹಿಂಗೆ ಬೀಳ್ತೈತಾ?”

ಅಂದಿನಿಂದ ಅಕ್ಕತಂಗಿಯರ ಆಟ ನಿಂತಿತು. ಆಟದ ಜೊತೆಗೇ ಫೋನ್ ಮಾತೂ ನಿಂತಿತು, ಏಕೆಂದರೆ ದೊಡ್ಡತ್ತೆ “ಸೋತಿದ್ದಕ್ಕೆ ಸೊಸೆ ಮ್ಯಾಲೆ ಹಾಕ್ತೀಯಲ್ಲ” ಎಂದು ಅಂದುಬಿಟ್ಟಿದ್ದರು. ನನಗೆ ನಿಜಕ್ಕೂ ಬೇಜಾರಾಯಿತು.

ರಹಮತ್ ಹತ್ತಿರ ಉಪಾಯವಿತ್ತು. “ಅಕ್ಕ, ಸೋಲ್ತಾ ಇರೋರಿಗೆ ಒಳಗಿಂದ ಒಂದು ಎಂಟು ತಳ್ಳಾಣ. ಎಷ್ಟೋ ಆಟದಾಗೆ ಹಿಂಗೇ ಮಾಡ್ತಾರಂತೆ. ಜನ ಖುಷಿಯಾಗಿ ಕುಂತ್ಕಂತಾರೆ.”

“ಆಗ ಅದು ನಿಜವಾಗ್ಲೂ ಮೋಸ ಆಗಲ್ವೇನೋ?”

“ಈಗ ಮೋಸ ಮಾಡ್ದೇನೇ ಮೋಸ ಅಂತಾರಲ್ಲ. ಹಿಂಗೇ ಆದ್ರೆ ಬೇಸಿಗೆ ಕಳಿಯೋದ್ರೊಳಗೆ ಬಾಗ್ಲು ಹಾಕ್ಬೇಕಾಗ್ತೈತೆ, ನೋಡ್ರಿ.”

ಅವನು ಹೇಳಿದ್ದು ಸುಳ್ಳಲ್ಲ. ಆಡುವವರು ದಿನದಿನಕ್ಕೆ ಕರಗುತ್ತಿದ್ದರು. ಆದರೂ ನನ್ನೊಳಗೆ ಒಂದು ಹಟ ಗಟ್ಟಿಯಾಗಿ ಕೂತಿತು. ಆಟ ಮುಚ್ಚಿದರೆ ಮುಚ್ಚಲಿ, ಕವಡೆಗೆ ಕೈ ಹಾಕುವುದಿಲ್ಲ.

ಕವಡೆ ಎಂದೆನಲ್ಲ, ಅದರ ಒಳಗುಟ್ಟನ್ನು ನಿಮಗೆ ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ಕವಡೆ ಹಾಕಲು ಬರುವುದಿಲ್ಲ. ಅದಕ್ಕೆ ಬರುವುದು ಲೆಕ್ಕ ಮಾತ್ರ. ಮೊದಲು ಒಂದು ಸಂಖ್ಯೆಯನ್ನು ಹೆಪ್ಪಿನಂತೆ ಹಾಕಬೇಕು. ಅದನ್ನು ಅದು ಕಡೆದು, ಕಲಸಿ, ಕೊನೆಗೆ ‘ಮೂರು’ ಎಂದೋ ‘ಎಂಟು’ ಎಂದೋ ಹೊರಗೆ ಹಾಕುತ್ತದೆ. ಹೀಗೆ ಬಂದದ್ದರಲ್ಲಿ ಪಕ್ಷಪಾತ ಇಲ್ಲ. ಆದರೆ ಪಕ್ಷಪಾತ ಇಲ್ಲದಿದ್ದರೆ ಒಂದರ ಮೇಲೆ ಒಂದು, ಮತ್ತೆ ಒಂದು ಬೀಳುವುದೂ ಉಂಟು. ಮನುಷ್ಯನ ಮನಸ್ಸು ಅದನ್ನು ಸಹಿಸುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಹಿರಿಯರು ಅದೃಷ್ಟ ಎಂದು ಕರೆದು ಸುಮ್ಮನಾದರು, ನಾವು ಅದರ ಹಿಂದೆ ಒಬ್ಬ ಕಳ್ಳನನ್ನು ಹುಡುಕುತ್ತೇವೆ. ನನ್ನ ಮನೆಯಲ್ಲಿ ಆ ಕಳ್ಳ ನಾನೇ ಆಗಿದ್ದೆ.

ಒಂದು ದಿನ ಕರೆಂಟು ಹೋಯಿತು. ಶೀಟಿನ ಕೆಳಗೆ ಕೂರಲಾರದೆ ಕೆಳಗಿಳಿದು ಬಂದರೆ ಪಡಸಾಲೆಯಲ್ಲಿ ಅತ್ತೆ ಮತ್ತು ಗಿರಿಜಕ್ಕ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ಚೌಕಾಬಾರ ಆಡುತ್ತಿದ್ದರು. ನನ್ನದಲ್ಲ, ನೆಲದ ಮೇಲಿನದು. ಕವಡೆಗೆ ಬದಲು ಒಂದು ಮಗ್ಗುಲು ಬಿಳಿಯಾಗುವಂತೆ ತೇಯ್ದ ಹುಣಸೆ ಬೀಜ. ತವರು ಬಿಟ್ಟು ಹೊರಟವಳ ಹಾಗೆ ಮುಖ ಸಪ್ಪಗೆ ಮಾಡಿಕೊಂಡು ನಾನು ಕಂಬಕ್ಕೆ ಒರಗಿ ನೋಡುತ್ತಾ ನಿಂತೆ.

ಅತ್ತೆಗೆ ಒಂದು ಬಿತ್ತು. ಮತ್ತೆ ಒಂದು. ಇನ್ನೊಂದು ಸರದಿಗೂ ಒಂದೇ. ಈಗ ಬೀಜ ಎಸೆದು ಏಳುತ್ತಾರೆ ಎಂದುಕೊಂಡೆ. ಅವರು ಏಳಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡರು, ಸೆರಗಿಗೆ ಒರೆಸಿಕೊಂಡರು, “ಇವತ್ತು ಕೈಯೇ ಸರಿ ಇಲ್ಲ ಕಣೆ” ಎಂದು ಬೀಜಗಳನ್ನು ಮತ್ತೆ ಎರಡೂ ಅಂಗೈ ನಡುವೆ ಗಲಗಲ ಉಜ್ಜತೊಡಗಿದರು. ಆಮೇಲೆ ಗಿರಿಜಕ್ಕ ಅವಸರದಲ್ಲಿ ಬೀಜ ಎತ್ತಿ ಹಾಗೇ ಹಾಕಿದರು. ಎಂಟು ಬಿತ್ತು.

“ನಡಿಯಲ್ಲ, ನಡಿಯಲ್ಲ,” ಎಂದರು ಅತ್ತೆ. “ಉಜ್ಜಿಲ್ಲ ನೀನು. ಉಜ್ಜದೆ ಹಾಕಿದ್ದು ಲೆಕ್ಕಕ್ಕಿಲ್ಲ.”

ಗಿರಿಜಕ್ಕ ಬೀಜ ಎತ್ತಿಕೊಂಡು ಉಜ್ಜಿ ಮತ್ತೆ ಹಾಕಿದರು. ಎರಡು ಬಿತ್ತು. ಕಾಯಿಯನ್ನು ಎರಡೇ ಮನೆ ನಡೆಸಿದರು.

ಈ ಕಾಯಿದೆ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೆರೆಬಿಳಚಿಯ ನನ್ನ ತವರಿನಲ್ಲಿ ಇದೇ ಮಾತಿಗೆ ಅಣ್ಣನ ಜುಟ್ಟು ಹಿಡಿದವಳು ನಾನು. ಆದರೆ ಆಟವನ್ನು ಫೋನಿಗೆ ಇಳಿಸುವಾಗ ನಾನೂ ರಹಮತ್ತೂ ಒಂದು ಗುಂಡನೆಯ ಗುಂಡಿ ಇಟ್ಟು, ಒತ್ತಿದರೆ ಕವಡೆ ಬೀಳಲಿ, ಜನರ ಸಮಯ ಉಳಿಯಲಿ ಎಂದು ಬೀಗಿದ್ದೆವು. ಅಂದರೆ ನಮ್ಮ ಆಟದಲ್ಲಿ ಬಿದ್ದ ಒಂದೊಂದು ಕವಡೆಯೂ ಉಜ್ಜದೆ ಹಾಕಿದ್ದು. ನಮ್ಮ ಕಡೆಯ ಕಾಯಿದೆಯ ಪ್ರಕಾರ ಲೆಕ್ಕಕ್ಕಿಲ್ಲದ್ದು. ಜನ ಸುಮ್ಮನೆ ಬೈದಿರಲಿಲ್ಲ.

ರಹಮತ್‌ಗೆ ಹೇಳಿದಾಗ ಅವನು ಅರ್ಧ ದಿನದಲ್ಲಿ ಎರಡು ಅಂಗೈ ಉಜ್ಜುವ ಚಂದದ ಚಿತ್ರ ಬರೆದು ತಂದ. “ಬೆರಳು ಇಟ್ಟು ಉಜ್ಜಿದ್ರೆ ಕೈ ಅಳ್ಳಾಡ್ತಾವೆ, ಸದ್ದು ಬರ್ತೈತೆ. ಒಳಗೆ ಹಳೇ ಲೆಕ್ಕಾನೇ ಇರ್ಲಿ. ಯಾರಿಗೆ ಗೊತ್ತಾಗ್ತೈತೆ?”

“ನಂಗೆ ಗೊತ್ತಾಗ್ತೈತಲ್ಲ,” ಎಂದೆ.

ಅವನು ನಕ್ಕ, ನಾನು ನಗಲಿಲ್ಲ. ಖಾಲಿ ಮುಷ್ಟಿ ಕುಲುಕಿ ತೋರಿಸಲು ನಾನು ಇಷ್ಟು ದಿನ ಹಟ ಹಿಡಿದಿರಲಿಲ್ಲ. ಉಜ್ಜುವುದಾದರೆ ಉಜ್ಜಿದ್ದಕ್ಕೇ ಬೀಳಬೇಕು. ಬೆರಳು ಗಾಜಿನ ಮೇಲೆ ಎಲ್ಲೆಲ್ಲಿ ಓಡಿತು, ಎಲ್ಲಿ ತಡೆಯಿತು, ಯಾವ ಗಳಿಗೆಯಲ್ಲಿ ಎದ್ದಿತು ಎಂಬುದನ್ನೆಲ್ಲ ಹಿಡಿದು ಅದನ್ನೇ ಲೆಕ್ಕಕ್ಕೆ ಹೆಪ್ಪು ಹಾಕಬೇಕು. ಹಾಗಾದರೆ ಬಿದ್ದದ್ದು ಯಂತ್ರದ್ದಲ್ಲ, ಉಜ್ಜಿದವರದು.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಹಳೆಯ ಫೋನುಗಳಲ್ಲಿ ಆಟ ಉಸಿರುಕಟ್ಟಿ ನಿಂತಿತು. ಬಿರುಕುಬಿಟ್ಟ ಗಾಜಿನ ಮೇಲೆ ಬೆರಳು ಒಂದು ಕಡೆ ಹೋದರೆ ಫೋನು ಇನ್ನೊಂದು ಕಡೆ ಹೋಯಿತು ಎನ್ನುತ್ತಿತ್ತು. ಯಾರಾದರೂ ಒಂದೇ ರೀತಿ ಉಜ್ಜುವುದನ್ನು ರೂಢಿ ಮಾಡಿಕೊಂಡು ಎಂಟು ಬೀಳಿಸಿಕೊಂಡರೆ ಎಂಬ ಭಯ ಬೇರೆ. ಅದಕ್ಕಾಗಿ ನಾನೇ ಕಳ್ಳಿಯಾಗಿ ಬೆರಳ ತುದಿ ನುಣ್ಣಗಾಗುವವರೆಗೆ ಉಜ್ಜಿ ನೋಡಿದೆ. ಬೆರಳು ಕೂದಲೆಳೆಯಷ್ಟು ನಡುಗಿದರೂ ಬೀಳುವುದು ಬೇರೆಯಾಗುತ್ತದೆಂದು ಖಾತ್ರಿಯಾಯಿತು. ಹಲವು ಬಾರಿ ಕೆಡವಿದೆ, ಹಲವು ಬಾರಿ ಕಟ್ಟಿದೆ. “ನಿಮ್ದು ಬಲೇ ಹಟ ಅಕ್ಕ” ಎಂದು ಗೊಣಗುತ್ತಲೇ ರಹಮತ್ ಪ್ರತಿ ಸಲವೂ ಚಿತ್ರ ತಿದ್ದಿಕೊಟ್ಟ. ಬಾಗಿಲು ಹಾಕುವ ಮಾತನ್ನು ಅವನು ಯಾವಾಗ ಬಿಟ್ಟನೋ ನನಗೆ ಗೊತ್ತಾಗಲೇ ಇಲ್ಲ.

ಹೊಸ ಆಟ ಜನರ ಫೋನುಗಳಿಗೆ ಹೋಯಿತು. ‘ಮೋಸ’ ಎನ್ನುವವರು ಈಗಲೂ ಇದ್ದಾರೆ, ಆದರೆ ಬಿಟ್ಟುಹೋದವರಲ್ಲಿ ಅನೇಕರು ಒಬ್ಬೊಬ್ಬರಾಗಿ ಮರಳಿದರು. ಅತ್ತೆಯನ್ನು ನಾನು ಕರೆಯಲಿಲ್ಲ. ಅವರೇ ಒಂದು ಮಧ್ಯಾಹ್ನ ಕನ್ನಡಕ ಏರಿಸಿ ದೊಡ್ಡತ್ತೆಯನ್ನು ಆಟಕ್ಕೆ ಕರೆದದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಗಾಜಿನ ಮೇಲೆ ಬೆರಳಿಟ್ಟು, ತುಟಿಯಲ್ಲಿ ಏನೋ ಹೇಳಿಕೊಂಡು ಉಜ್ಜಿದರು. ಒಂದು ಬಿತ್ತು. ಮತ್ತೆ ಉಜ್ಜಿದರು, ಒಂದು. ಆ ಕಡೆ ಸೊಕ್ಕೆಯಲ್ಲಿ ಎಂಟು. ಕಾಯಿಗಳೆಲ್ಲ ಕಡಿಸಿಕೊಂಡು ಅತ್ತೆ ಸೋತರು.

“ಇಲ್ಲಿ ಬಾ,” ಎಂದು ಕರೆದರು. “ನಿಜ ಹೇಳು. ಇದು ನನ್ನ ಕೈಯಿಂದನೇ ಬಿದ್ದಿದ್ದಾ?”

“ನಿಮ್ಮ ಕೈಯಿಂದಾನೇ, ಅತ್ತೆ.”

ಈ ಒಂದು ಮಾತನ್ನು ಕಣ್ಣಿಗೆ ಕಣ್ಣಿಟ್ಟು ಹೇಳಲಿಕ್ಕೇ ನಾನು ಇಷ್ಟೆಲ್ಲ ಒದ್ದಾಡಿದ್ದು ಎಂದು ಆಗ ತಿಳಿಯಿತು. ಮನುಷ್ಯನಿಗೆ ಸೋಲುವುದು ಅಷ್ಟೇನೂ ಕಷ್ಟವಲ್ಲ, ಸೋತದ್ದು ತಾನೇ ಎಂದು ನಂಬಿಕೆ ಬರಬೇಕು ಅಷ್ಟೆ. ಅತ್ತೆ ನನ್ನ ಮುಖವನ್ನೇ ನೋಡಿ, ಆಮೇಲೆ ಬೆರಳನ್ನು ನೋಡಿಕೊಂಡು, ಸೊಕ್ಕೆಗೆ ಫೋನು ಹಚ್ಚಿದರು. “ಅಕ್ಕ, ಇವತ್ತು ನನ್ನ ಕೈ ಸರಿ ಇರ್ಲಿಲ್ಲ. ಇರು, ಇನ್ನೊಂದಾಟ ಹಾಕಾಣ.”

ಫೋನನ್ನು ಚಾಪೆಯ ಮೇಲಿಟ್ಟು ಎದ್ದವರು ಬಚ್ಚಲಿಗೆ ಹೋಗಿ, ಸೋಪು ಹಚ್ಚಿ, ಕೈ ತೊಳೆದುಕೊಂಡು ಬಂದರು.