ಹನ್ನೆರಡು ಮಂದಿಯ ಪರವಾಗಿ ಒಂದು ಮಾತು

ನಮ್ಮ ಕೂಲಿಯಾಳುಗಳ ಟೋಳಿಯಲ್ಲಿ ಯಾರಿಗೂ ಜಡ್ಡು ಇರುವುದಿಲ್ಲ. ಇದ್ದರೂ ಇರುವುದಿಲ್ಲ. ದ್ರಾಕ್ಷಿ ಬಳ್ಳಿಯ ಚಾಟ್ನಿಗೆ, ಅಂದರೆ ಕಡ್ಡಿ ಕತ್ತರಿಸುವ ಕೆಲಸಕ್ಕೆ ಕರೆಯುವ ತೋಟದವರು ಕೇಳುವುದು ನನ್ನೊಬ್ಬನನ್ನು: "ಮಂದಿ ಗಟ್ಟಿ ಅದಾರಿಲ್ರಿ?" ನಾನು "ಅದಾರ್ರಿ" ಅಂದರೆ ಹನ್ನೆರಡು ಮಂದಿಗೂ ಕೆಲಸ ಖಾತ್ರಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ನಮ್ಮ ಸೀಮೆಯ ಅನಂತಪುರದಿಂದ ಕಾಗವಾಡದವರೆಗೆ ನನ್ನ ಆ ಒಂದು ಮಾತು ನಡೆಯುತ್ತದೆ. ದುಡಿದು ಗಳಿಸಿದ ಮಾತು ಅದು, ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ಈ ಬೇಸಿಗೆಯಲ್ಲಿ ಒಣದ್ರಾಕ್ಷಿ ಶೆಡ್ಡಿನ ಕೆಲಸ ಮುಗಿದದ್ದೇ, ದಾಂಡೇಲಿಗೆ ಹೋಗಿ ರಾಫ್ಟಿಂಗ್ ಮಾಡೋಣ ಎಂದು ಟೋಳಿಯವರು ಹಟ ಹಿಡಿದರು. ಗಾಳಿ ತುಂಬಿದ ರಬ್ಬರ್ ದೋಣಿ ಬಂಡೆಗಳ ನಡುವೆ ನೊರೆನೀರಿನಲ್ಲಿ ಧುಮುಕುವುದನ್ನು ಮೊಬೈಲಿನಲ್ಲಿ ನೋಡಿದ್ದೆವು, ಅಷ್ಟೇ. ಕೃಷ್ಣೆಯಲ್ಲಿ ಈಜಿ ಬೆಳೆದವರು ನಾವು. ಆದರೆ ನಮ್ಮ ಕಡೆ ಕೃಷ್ಣೆ ಮೇದು ಬಂದ ಎಮ್ಮೆಯಂತೆ ನಿಧಾನ ನಡೆಯುತ್ತಾಳೆ.

ಎಲ್ಲ ಹೊಂದಿಸುವುದನ್ನು ನಾನೇ ಮೈಮೇಲೆ ಹಾಕಿಕೊಂಡೆ. ಕ್ರೂಸರ್ ಗಾಡಿ ಹೇಳಿದೆ, ಬುತ್ತಿ ಯಾರ ಮನೆಯದು ಎಂದು ಗೊತ್ತು ಮಾಡಿದೆ, ತಲೆಗೊಂದು ಜೊತೆ ಒಣಬಟ್ಟೆ ಕಟ್ಟಿಕೊಳ್ಳಿ ಎಂದೆ. ಹೊಸಬರಿಗೆ ಚಿಕ್ಕ ಹಾದಿಯೇ ಸಾಕು, ಆಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ ದೋಣಿ ಇಳಿಯುತ್ತದೆ, ಒಂದೊಂದರಲ್ಲಿ ಆರು ಮಂದಿ, ಎಡಕ್ಕೆ ಮೂರು, ಬಲಕ್ಕೆ ಮೂರು ಎಂದು ದಾಂಡೇಲಿಯ ದೋಣಿಯವನು ಫೋನಿನಲ್ಲಿ ಹೇಳಿದ. ಎಲ್ಲರ ತೂಕ ಬರೆದು ಕಳಿಸಲೂ ಹೇಳಿದ.

ಹಿಂದಿನ ಸಂಜೆ ಶೆಡ್ಡಿನ ಕಾಟಾದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಗಿದೆ. ನಮ್ಮಲ್ಲಿ ಎಲ್ಲರಿಗಿಂತ ದಪ್ಪನೆಯವನು ಹತ್ತಿದಾಗ ಮುಳ್ಳು ಗರಕ್ಕನೆ ತಿರುಗಿತು.

"ಲೇ, ಇಂವನ್ನ ಎರಡ ಕ್ರೇಟಿನ್ಯಾಗ ತುಂಬಬೇಕ!"

"ತುಂಬ್ರಲೇ, ಆದ್ರ ದೋಣಿ ಮುಳಗಿದ್ರ ನನ್ನ ಮ್ಯಾಲ ಕುಂತ ಬರಾವ್ರು ನೀವ."

ಚಾಟ್ನಿಯಲ್ಲಿ ಬಳ್ಳಿಸಾಲಿನ ಆಚೆಗೊಬ್ಬ, ಈಚೆಗೊಬ್ಬ, ಜೋಡಿಯಾಗಿ ಕತ್ತರಿಸುತ್ತ ಹೋಗುತ್ತೇವೆ. ದೋಣಿಗೂ ಅದೇ ಜೋಡಿಗಳನ್ನೇ ಬರೆದೆ. ನನ್ನ ಎದುರು ಬದಿಗೆ, ಇಪ್ಪತ್ತು ವರ್ಷದಿಂದ ನನ್ನ ಜೋಡಿಯಾಗಿರುವ ಗೆಳೆಯ.

ಅವನದೊಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಹೋದ ಅಕ್ಟೋಬರಿನಲ್ಲಿ ಬಳ್ಳಿಯ ಆಚೆಯಿಂದ ಅವನ ಕತ್ತರಿಯ ಸದ್ದು ನಿಂತಿತು. ನುಸುಳಿ ನೋಡಿದರೆ ನೆಲದ ಮೇಲೆ ಸೆಟೆದು ಬಿದ್ದಿದ್ದ, ಬಾಯಲ್ಲಿ ನೊರೆ. ಬಿಗಿದ ಮುಷ್ಟಿಯಿಂದ ಕತ್ತರಿ ಬಿಡಿಸಲು ನನ್ನ ಎರಡೂ ಕೈಗೆ ಆಗಲಿಲ್ಲ. ಎಲೆಗಳ ಮರೆಯಲ್ಲಿ ಬೇರೆ ಯಾರೂ ನೋಡಲಿಲ್ಲ. ಬಿಸಿಲು ಬಡಿಯಿತು ಎಂದು ಎಲ್ಲರಿಗೂ ಹೇಳಿದೆ. ಫಿಟ್ಸ್ ಎಂದು ಗೊತ್ತಾದರೆ ಅವನ ಕೈಗೆ ಯಾರೂ ಕತ್ತರಿ ಕೊಡುತ್ತಿರಲಿಲ್ಲ. ಅವನು ಗುಟ್ಟಾಗಿ ಗುಳಿಗೆ ನುಂಗುತ್ತಿದ್ದ, ನಾನು ಗುಟ್ಟಾಗಿ ಕಾಯುತ್ತಿದ್ದೆ.

ತೂಕ ಹೇಳಲು ದೋಣಿಯವನಿಗೆ ಫೋನ್ ಹಚ್ಚಿ, ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಯಾರಿಗಾದ್ರೂ ಹಾರ್ಟಿಂದು, ಫಿಟ್ಸಿಂದು ತೊಂದ್ರೆ ಇದ್ರೆ ಈಗ್ಲೇ ಹೇಳಿ," ಎಂದ ಅವನು.

"ಯಾರಿಗೂ ಏನೂ ಇಲ್ರಿ. ನಮ್ಮ ಮಂದಿ ಗಟ್ಟಿ ಅದಾರ."

ರೂಢಿಯಂತೆ ಬಾಯಿಗೆ ಬಂದುಬಿಟ್ಟಿತು. ಗೆಳೆಯ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನು ಬಿದ್ದರೆ ನಾನು ಹಿಡಿದೇನು ಎಂಬ ಧೈರ್ಯ ನನಗೆ. ಆದರೂ ಕೇಳಿದೆ: "ಜೋಡಿಯಾಂವ ನೀರಿಗೆ ಬಿದ್ರ ನಾ ಹೆಂಗ ಹಿಡೀಬೇಕ್ರಿ?"

"ಆ ಸೆಳವಲ್ಲಿ ಹಿಡೀತೀನಿ ಅಂತ ನಂಬ್ಕೋಬೇಡಿ ಸಾಹೇಬ್ರೆ. ಬಿದ್ದವರು ತಾವೇ ಬೆನ್ನ ಮೇಲೆ ತೇಲ್ಬೇಕು, ಕಾಲು ಮುಂದೆ ಮಾಡಿ. ನಾವು ಹಗ್ಗ ಎಸೀತೀವಿ, ಅವರೇ ಹಿಡ್ಕೋಬೇಕು."

ಹಗ್ಗ ಹಿಡಿಯಬೇಕಾದ ಅವನ ಆ ಬಿಗಿದ ಕೈ ನನ್ನ ಕಣ್ಣ ಮುಂದೆ ಬಂತು.

"ಹಂಗಾರ ಹತ್ತ ಮಂದಿ ಬರ್ಕೋರಿ," ಎಂದೆ. "ಇಬ್ಬರು ದಂಡಿ ಮ್ಯಾಲ ಕುಂಡ್ರತೇವಿ."

"ಯಾರ್ ಲೇ ಆ ಪುಕ್ಕಲರು?" ದಪ್ಪನೆಯವನು ಕೂಗಿದ.

"ನಾನ. ನನಗ ಆ ನೀರ ನೋಡಿದ್ರ ಎದಿ ನಡಗತೈತಿ."

ಶೆಡ್ಡಿನ ತಗಡು ಹಾರುವಂತೆ ನಕ್ಕರು. ನಾನು ಅಂಜಿದೆ ಎಂದು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನುಂಗಿಕೊಂಡೆ. ಗೆಳೆಯನ ಕಡೆ ತಿರುಗಿ, "ನೀನೂ ನನ್ನ ಕೂಡ ಕುಂಡ್ರೋ, ಒಬ್ಬಾಂವ ಏನ್ ಮಾಡ್ಲಿ?" ಎಂದೆ.

ಅವನಿಗೆ ತಿಳಿಯಿತು. ಮುಖ ಕಪ್ಪಿಟ್ಟಿತು.

"ನಾ ಯಾಕ ಕುಂಡ್ರಲಿ? ನಾ ದೋಣ್ಯಾಗ ಹೋಗಾಂವ."

"ನನ್ನ ಮಾತ ಕೇಳ."

"ನೀ ಅಂಜಬುರುಕ ಆದ್ರ ನಾನೂ ಆಗಬೇಕೇನ್?"

ಇನ್ನಷ್ಟು ನಕ್ಕರು. "ಹಲೋ, ಹತ್ತೋ ಹನ್ನೊಂದೋ?" ಎಂದು ಫೋನು ಕೇಳುತ್ತಿತ್ತು. ಗೆಳೆಯ ನನ್ನ ಕಣ್ಣಲ್ಲಿ ಕಣ್ಣಿಟ್ಟ. ಹೇಳು ನೋಡೋಣ ಎಂಬಂತಿತ್ತು ಆ ನೋಟ.

"ಅವಗ ಫಿಟ್ಸ್ ಬರತಾವ್ರಿ," ಎಂದೆ. "ಮೊದಲ ಸುಳ್ಳ ಹೇಳಿದೆ."

ನಗು ನಿಂತಿತು. ಅವನನ್ನು ದೋಣಿಗೆ ಹತ್ತಿಸಲಾಗುವುದಿಲ್ಲ ಎಂದು ದೋಣಿಯವನು ಹೇಳುವುದರೊಳಗೆ ಗೆಳೆಯ ಎದ್ದು ಹೊರಗೆ ನಡೆದಿದ್ದ.

ಬೆಳಿಗ್ಗೆ ಅವನು ಗಾಡಿಗೆ ಬರಲಿಲ್ಲ. ಕ್ರೂಸರನ್ನು ಅವನ ಮನೆಯ ಮುಂದೆಯೇ ನಿಲ್ಲಿಸಲು ಹೇಳಿ ಇಳಿದೆ. ಬಾಗಿಲಲ್ಲಿ ನಿಂತಿದ್ದ, ರಾತ್ರಿಯೆಲ್ಲ ನಿದ್ದೆ ಇಲ್ಲದ ಕಣ್ಣು.

"ನಾ ನೀರಾಗ ಸಾಯತಿದ್ನಿ ಅಂತ ಮಾಡಿದ್ಯಾ?"

"ಹೂಂ."

"ನನ್ನ ಹೊರಗ ಕರದ ಹೇಳಬೇಕಿತ್ತ. ಎಲ್ಲಾರ ಮುಂದ ಮೈಮ್ಯಾಲಿನ ಅರಬಿ ಬಿಚ್ಚಿದಂಗ ಮಾಡ್ದಿ. ಇನ್ನ ಯಾರ ತೋಟದಾಗ ಕರೀತಾರ ನನ್ನ?"

ಹೊರಗೆ ಕರೆದಿದ್ದರೆ ಒಪ್ಪುತ್ತಿದ್ದನೋ ಇಲ್ಲವೋ, ಕರೆಯದೆ ಇದ್ದದ್ದಂತೂ ನಿಜ. ಅವನು ನನ್ನನ್ನು ದಾಟಿ ಗಾಡಿಯ ಹತ್ತಿರ ಹೋದ.

"ನಾ ದಾಂಡೇಲಿಗೆ ಬರಾಂವಲ್ಲ. ಮುಂದಿನ ಚಾಟ್ನಿಗೆ ಬರಾಂವ. ಯಾರಿಗರೆ ಬ್ಯಾಡ ಅನಸಿದ್ರ ಈಗ ಹೇಳ್ರಿ, ನನ್ನ ಮಾರಿ ನೋಡಿ ಹೇಳ್ರಿ."

ಡ್ರೈವರ್ ಹಾರ್ನಿನ ಮೇಲೆ ಇಟ್ಟ ಕೈ ತೆಗೆದ. ದಪ್ಪನೆಯವನು ಕಿಟಕಿಯಿಂದ ಹೊರಗೆ ತಲೆ ಹಾಕಿದ.

"ನೀ ಬಿದ್ರ ನಾವ್ ಏನ್ ಮಾಡ್ಬೇಕ, ಅದನ್ನ ಹೇಳ ಮೊದಲ."

"ಒಂದ ಬಾಜೂಕ ಹೊಳ್ಳಿಸಿ ಮಲಗಸ್ರಿ. ಬಾಯಾಗ ಏನೂ ತುರಕಬ್ಯಾಡ್ರಿ."

"ಮತ್ತ ಚಪ್ಪಲಿ? ನಮ್ಮಜ್ಜ ಚಪ್ಪಲಿ ಮೂಸಸ್ತಿದ್ದ."

"ನಿನ್ನ ಚಪ್ಪಲಿ ಮೂಸಿದ್ರ ಫಿಟ್ಸ್ ಅಲ್ಲಲೇ, ಜೀವಾನ ಹೋಗತೈತಿ."

ಗಾಡಿಯೊಳಗೆ ಒಬ್ಬ ನಕ್ಕ, ಆಮೇಲೆ ಮತ್ತೊಬ್ಬ. ಕತ್ತರಿಯನ್ನು ಹೇಗೆ ದೂರ ಸರಿಸಬೇಕು, ಎಷ್ಟು ಹೊತ್ತು ನೋಡಿ ದವಾಖಾನೆಗೆ ಒಯ್ಯಬೇಕು ಎಂದು ಗೆಳೆಯ ಒಂದೊಂದಾಗಿ ತಿಳಿಸಿ ಹೇಳಿದ. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಯ ಮುಖ ನೋಡಿ ಹೇಳಿದ. ನನ್ನ ಕಡೆ ತಿರುಗಲಿಲ್ಲ.