ಅಣಕಿಸಬಾರದು ಅಂತ ಪಾಠ ಮಾಡಿದ ದಿನ

ಇಲಾಖೆಯಿಂದ ಸುತ್ತೋಲೆ ಬಂತೆಂದರೆ ನನಗೆ ತಲೆ ಕೆಡುತ್ತಿತ್ತು. ಗಿಡ ನೆಡಿಸಿ, ಕೈ ತೊಳೆಸಿ, ಫೋಟೋ ಕಳಿಸಿ. ಆ ಸಲದ್ದು, ಮಕ್ಕಳು ಒಬ್ಬರನ್ನೊಬ್ಬರು ಅಣಕಿಸಿ ಪೀಡಿಸುವುದರ ದುಷ್ಪರಿಣಾಮದ ಬಗ್ಗೆ ಜಾಗೃತಿ, ಶುಕ್ರವಾರದೊಳಗೆ. ವಿಜ್ಞಾನದ ಟೀಚರ್ ನಾನು, ಬೆಳಕಿನ ಪಾಠವೇ ಇನ್ನೂ ಮುಗಿದಿರಲಿಲ್ಲ.

ಆದರೂ ಮಾಡಲೇಬೇಕಿತ್ತು. ನನ್ನ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಹತ್ತು ದಿನದಿಂದ ಬಂದಿರಲಿಲ್ಲ. ಹೊಳೆಯಾಚೆಯವಳು. ಸೇತುವೆ ಇನ್ನೂ ಆಗಿರಲಿಲ್ಲ. ಬಸ್ಸುಗಳನ್ನೂ ಹೊತ್ತು ದಾಟಿಸುವ ಭಾರಿ ದೋಣಿ, ಲಾಂಚಿನಲ್ಲಿ ಈಚೆ ದಡದ ಹೊಳೆಬಾಗಿಲಿಗೆ ದಾಟಿ, ಅಲ್ಲಿಂದ ಬಸ್ಸು ಹಿಡಿದು ಸಾಗರದ ನಮ್ಮ ಶಾಲೆಗೆ ಬರುತ್ತಿದ್ದಳು. ಫೋನು ಮಾಡಿದಾಗ ಅವಳಮ್ಮ, "ಕ್ಲಾಸ್ನೋರು ಆಡ್ಕೊಳ್ತಾರಂತೆ ಮೇಡಂ, ಶಾಲೆಗೇ ಒಲ್ಲೆ ಅಂತಾಳೆ" ಅಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರವು, ಒಂದು ಕೈ ನೋಡಿಯೇ ಬಿಡುತ್ತೇನೆ ಅಂತ ಕ್ಲಾಸಿಗೆ ಹೋದೆ.

ಒಂದು ಪೀರಿಯಡ್ ಪೂರ್ತಿ ಕೊರೆದೆ. ಎಲ್ಲವೂ ಕೋಲೆ ಬಸವನ ಹಾಗೆ ತಲೆಯಾಡಿಸಿದವು. ಯಾರು ಅಣಕಿಸಿದ್ದು ಅಂದರೆ ಮಾತ್ರ ಬಾಯಿಗೆ ಬೀಗ.

"ಹೇಳೋಕಾಗ್ದಿದ್ರೆ ಆಡಿ ತೋರಿಸ್ರೋ, ಅದಕ್ಕೆಂತ ನಾಚಿಕೆ!" ಎಂದು ಗದರಿದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ನನ್ನ ಮೇಜಿನ ಹಿಂದೆ ನಿಂತಳು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಾಗಿಲ ಕಡೆ ನೋಡಿ, ರಾಗವಾಗಿ ಅಂದಳು: "ಓಹೋಹೋ, ಬಂತಪ್ಪ ನಮ್ಮ ಲಾಂಚು! ದಾರಿ ಬಿಡ್ರೋ, ಗುದ್ದೀತು!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕುಬಿಟ್ಟೆ, ನನ್ನ ಕರ್ಮ! ಅಷ್ಟು ಚೆನ್ನಾಗಿ ನನ್ನನ್ನು ಆಡಿ ತೋರಿಸಿದ್ದಳು.

ಹೌದು, ಅದು ನನ್ನದೇ ಮಾತು. ಹೊಳೆಯಾಚೆಯ ಆ ಹುಡುಗಿ ಸ್ವಲ್ಪ ದಪ್ಪ. ಲಾಂಚು ತಡವಾಗಿ ಅವಳು ಬಾಗಿಲಲ್ಲಿ ನಿಂತಾಗಲೆಲ್ಲ ಹಾಗಂದೇ ಒಳಗೆ ಕರೆಯುತ್ತಿದ್ದೆ. ನಮ್ಮ ಕಡೆ ಅಡ್ಡಹೆಸರು ಇಟ್ಟರೆ ಸಲಿಗೆ, ಪ್ರೀತಿ ಅಂತಲೇ ಲೆಕ್ಕ. ನನ್ನ ಮೇಷ್ಟ್ರೂ ನನ್ನನ್ನು 'ಒಣಕಲು' ಅಂತ ಕರೆದವರೇ. ನಾನಂದದ್ದನ್ನೇ ಈ ಮಕ್ಕಳು ಊಟದ ಸಾಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅಂದಿದ್ದವು. ಅವುಗಳಿಗೆ ಬಯ್ಯಲು ನನಗೆಲ್ಲಿಯ ಬಾಯಿ?

ಸೋಮವಾರ ತಾಯಿ ಮಗಳು ಟಿ.ಸಿ. ಕೇಳಿಕೊಂಡು ಬಂದರು. "ತಪ್ಪು ನಂದು ಕಣೇ. ನಾನೇ ಅಂದಿದ್ದು, ಇನ್ನು ಯಾವತ್ತೂ ಅನ್ನಲ್ಲ, ಬಂದ್ಬಿಡೆ" ಎಂದು ಹುಡುಗಿಯ ಕೈ ಹಿಡಿದುಕೊಂಡೆ. ಅವಳು ಮೆಲ್ಲಗೆ ಬಿಡಿಸಿಕೊಂಡಳು.

"ನಮ್ಮ ಕಡೇಲೇ ಶಾಲೆ ಇದೆ ಮೇಡಂ" ಅಂದರು ತಾಯಿ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಿಮ್ಮ ಪಾಠ ಚೆನ್ನಾಗಿರ್ತದೆ ಅಂತ ಇಲ್ಲಿ ಓದಿದ ಇವಳಕ್ಕ ಹೇಳಿದ್ಲು. ಅದಕ್ಕೇ ಇವಳು ಹಟ ಮಾಡಿ ಇಷ್ಟು ದೂರ ಸೇರ್ಕೊಂಡಿದ್ದು."

ಗುಮಾಸ್ತರು ಶಾಲೆ ಬಿಡಲು ಕಾರಣ ಎಂಬಲ್ಲಿ 'ಪೋಷಕರ ಕೋರಿಕೆ' ಎಂದು ಬರೆದು, ಕ್ಲಾಸ್ ಟೀಚರ್ ಸಹಿಗೆಂದು ನನ್ನ ಕಡೆ ತಳ್ಳಿದರು. ನಾನು ಅದರ ಕೆಳಗೆ ಸಹಿ ಹಾಕಿದೆ.